ಎಚ್‌ಐವಿ: ಅಪಾಯದ ಲೆಕ್ಕ

‘ಒಂದೇ ಸಲಕ್ಕೆ ಎಚ್‌ಐವಿ ತಗಲುವುದೇ?’ ತರಗತಿಯಲ್ಲಿ ವಿದ್ಯಾರ್ಥಿಗಳು ಬಾಯಿಬಿಟ್ಟು ಕೇಳದೆ ಮನಸ್ಸಿನಲ್ಲೇ ಇಟ್ಟುಕೊಳ್ಳುವ ಪ್ರಶ್ನೆ ಇದು. ಉತ್ತರಕ್ಕೆ ಸ್ವಲ್ಪ ಜೀವಶಾಸ್ತ್ರ, ಸ್ವಲ್ಪ ಗಣಿತ ಬೇಕು.

ಎಚ್‌ಐವಿ ಹರಡುವುದು ರಕ್ತ, ವೀರ್ಯ, ಯೋನಿ ಹಾಗೂ ಗುದನಾಳದ ಸ್ರಾವ ಮತ್ತು ಎದೆಹಾಲಿನ ಮೂಲಕ. ಪರ್ಕಳದಲ್ಲಿ ಉಡುಪಿಯ ಬಸ್ಸು ಹತ್ತಿ ಸೋಂಕಿತರ ಪಕ್ಕದಲ್ಲಿ ಒತ್ತಿಕೊಂಡು ಕುಳಿತರೆ, ಅವರೊಡನೆ ಊಟ ಮಾಡಿದರೆ, ಇಬ್ಬರಿಗೂ ಒಂದೇ ಸೊಳ್ಳೆ ಕಚ್ಚಿದರೆ ಅದು ಹರಡದು.

ಲೈಂಗಿಕ ಸಂಪರ್ಕದ ಅಪಾಯವನ್ನು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಕಾಂಡೋಮ್ ಇಲ್ಲದೆ, ಚಿಕಿತ್ಸೆ ಪಡೆಯದ ಸೋಂಕಿತರೊಡನೆ ನಡೆಯುವ 10,000 ಯೋನಿ ಸಂಭೋಗಗಳಲ್ಲಿ ಸ್ತ್ರೀಗೆ ಸೋಂಕು ತಗಲುವುದು ಸುಮಾರು 8 ಬಾರಿ. ಪುರುಷನಿಗೆ 4 ಬಾರಿ. ಗುದನಾಳದ ಒಳಪೊರೆ ತೆಳು. ಆದ್ದರಿಂದ ಗುದ ಸಂಭೋಗದಲ್ಲಿ ಸ್ವೀಕರಿಸುವವರಿಗೆ ಈ ಸಂಖ್ಯೆ 138.

ಹತ್ತು ಸಾವಿರಕ್ಕೆ 8 ತಾನೇ ಎಂದು ನಿಶ್ಚಿಂತರಾಗುವಂತಿಲ್ಲ. ಒಂದು ಬಾರಿ ಪಾರಾಗುವ ಸಂಭವ 0.9992. ನೂರು ಬಾರಿಯೂ ಪಾರಾಗುವ ಸಂಭವ ಅದರ ನೂರನೆಯ ಘಾತ, ಅಂದರೆ 0.923. ಹಾಗಾದರೆ ಸೋಂಕು ತಗಲುವ ಸಂಭವ ಶೇ. 7.7, ಸುಮಾರು ಹದಿಮೂರರಲ್ಲಿ ಒಂದು. ಇದೂ ಸರಾಸರಿಯ ಲೆಕ್ಕವೇ. ಜನನಾಂಗದಲ್ಲಿ ಹುಣ್ಣಿದ್ದರೆ ಅಪಾಯ ಏರುತ್ತದೆ. ಸೋಂಕು ತಗಲಿದ ಮೊದಲ ವಾರಗಳಲ್ಲಿ ರಕ್ತದಲ್ಲಿ ವೈರಸ್ ಅತಿ ಹೆಚ್ಚು. ಆದರೆ ಪ್ರತಿಕಾಯಗಳು ಇನ್ನೂ ಮೂಡಿರದ ಕಾರಣ ಪರೀಕ್ಷೆಯಲ್ಲಿ ಅದು ಕಾಣದೆ ಹೋಗಬಹುದು. ಮುಖ ನೋಡಿ ತಿಳಿಯುವುದಂತೂ ಅಸಾಧ್ಯ.

ಈ ಲೆಕ್ಕವನ್ನು ಬದಲಿಸುವ ಉಪಾಯಗಳಿವೆ. ಪ್ರತಿ ಬಾರಿಯೂ ಹೊಸ ಕಾಂಡೋಮನ್ನು ಮೊದಲಿನಿಂದ ಕೊನೆಯವರೆಗೆ ಬಳಸಿದರೆ ಅಪಾಯ ಸುಮಾರು ಶೇ. 80ರಷ್ಟು ತಗ್ಗುತ್ತದೆ. ತೆಂಗಿನೆಣ್ಣೆ, ವ್ಯಾಸಲೀನ್ ಹಚ್ಚಬಾರದು. ಎಣ್ಣೆಯಂಶದಿಂದ ಲೇಟೆಕ್ಸ್ ದುರ್ಬಲವಾಗಿ ಹರಿಯುತ್ತದೆ. ನೀರಿನ ಅಂಶದ ಜಾರುಕವೇ ಸರಿ. ಸೋಂಕಿತರು ತಪ್ಪದೆ ಎಆರ್‌ಟಿ ಮಾತ್ರೆ ಸೇವಿಸಿ, ರಕ್ತದ ವೈರಸ್ ಪ್ರಮಾಣ ಪರೀಕ್ಷೆಗೆ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲ.

ಕಾಂಡೋಮ್ ಹರಿದರೆ 72 ಗಂಟೆಗಳೊಳಗೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು, ವೈದ್ಯರನ್ನು ಕಾಣಬೇಕು. ಅವರು ಸೂಚಿಸಿದರೆ 28 ದಿನ ಔಷಧಿ ಸೇವಿಸಿ ಸೋಂಕನ್ನು ತಡೆಯಬಹುದು. ಜಿಲ್ಲಾ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ಪರೀಕ್ಷೆ, ಆಪ್ತಸಲಹೆ ಎರಡೂ ಉಚಿತ. ಒಪ್ಪಿಗೆಯಿಲ್ಲದೆ ಪರೀಕ್ಷಿಸಬಾರದು, ಫಲಿತಾಂಶವನ್ನು ಗೋಪ್ಯವಾಗಿಡಬೇಕು ಎಂಬುದು 2017ರ ಕಾಯಿದೆಯ ನಿಯಮ. ಸಂದೇಹವಿದ್ದವರು 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.

ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಇಷ್ಟೇ: ಒಂದೇ ಸಲಕ್ಕೆ ತಗಲಲೇಬೇಕೆಂದಿಲ್ಲ, ಆದರೆ ತಗಲಬಹುದು. ಆ ಒಂದು ಸಲ ಯಾವುದೆಂದು ಯಾವ ಲೆಕ್ಕವೂ ಮುಂಚಿತವಾಗಿ ಹೇಳಲಾರದು.