ಸ್ಪರ್ಶಪರದೆಯ ಕೀಲಿಮಣೆ ಮತ್ತು ಕನ್ನಡ ಅಕ್ಷರಗಳು: ಬಳಕೆದಾರರೇ ರೂಪಿಸುವ ವಿನ್ಯಾಸಗಳ ವಿವೇಚನೆ

ಲಿಪಿಯ ಚರಿತ್ರೆಯನ್ನು ನಿರೂಪಿಸುವಾಗ ಕಲ್ಲು, ತಾಳೆಗರಿ, ಕಾಗದ, ಅಚ್ಚುಮೊಳೆ ಎಂಬ ಕ್ರಮದಲ್ಲಿ ಬರವಣಿಗೆಯ ಸಾಧನಗಳನ್ನು ಗುರುತಿಸುವುದು ರೂಢಿ. ಪ್ರತಿಯೊಂದು ಸಾಧನವೂ ಅಕ್ಷರಗಳ ರೂಪದ ಮೇಲೆ, ಕೆಲವೊಮ್ಮೆ ಅವುಗಳ ಉಳಿವಿನ ಮೇಲೆ ಪ್ರಭಾವ ಬೀರಿದೆ. ಈ ಸಾಲಿಗೆ ಇತ್ತೀಚೆಗೆ ಸೇರಿರುವುದು ಸ್ಮಾರ್ಟ್‌ಫೋನಿನ ಪರದೆಯ ಮೇಲೆ ಮೂಡುವ ಕೀಲಿಮಣೆ. ಹಸ್ತಪ್ರತಿಯ ಟಿಪ್ಪಣಿ, ಶಾಸನಪಾಠದ ನಕಲು, ಕ್ಷೇತ್ರಕಾರ್ಯದ ಪದಸಂಗ್ರಹ ಮೊದಲಾದ ಕೆಲಸಗಳು ಇಂದು ಬಹುಮಟ್ಟಿಗೆ ಫೋನಿನಲ್ಲಿಯೇ ಆರಂಭವಾಗುತ್ತವೆ. ಹೀಗಿರುವಾಗ, ಆ ಕೀಲಿಮಣೆಯಲ್ಲಿ ಯಾವ ಅಕ್ಷರಕ್ಕೆ ಎಲ್ಲಿ ಸ್ಥಾನ ದೊರೆತಿದೆ ಎಂಬುದು ಕೇವಲ ತಂತ್ರಜ್ಞರ ಪ್ರಶ್ನೆಯಾಗಿ ಉಳಿಯುವುದಿಲ್ಲ. 'ಅಱಿ' ಎಂದು ಬರೆಯಬೇಕಾದೆಡೆ ಶಕಟರೇಫದ ಕೀಲಿ ಕಣ್ಣಿಗೆ ಬೀಳದ ಕಾರಣಕ್ಕೆ 'ಅರಿ' ಎಂದು ಬರೆದರೆ, ಅದು ಲಿಪಿಕಾರನ ಅಜ್ಞಾನದಿಂದ ಆದ ಪಾಠಾಂತರವಲ್ಲ. ಸಾಧನದ ಕೊರತೆಯಿಂದ ಹುಟ್ಟಿದ ಪಾಠಾಂತರ. ಕೀಲಿಗಳ ವಿನ್ಯಾಸವನ್ನು ಬಳಕೆದಾರರೇ ರೂಪಿಸಿಕೊಳ್ಳುವ ಸೌಲಭ್ಯವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ಕೀಲಿ ಮತ್ತು ಸಂಕೇತ: ಎರಡು ಬೇರೆ ಸ್ತರಗಳು

ಕೀಲಿಮಣೆಯ ವಿನ್ಯಾಸವೆಂದರೆ ಯಾವ ಕೀಲಿಯನ್ನು ಒತ್ತಿದರೆ ಯಾವ ಅಕ್ಷರ ಬರಬೇಕು ಎಂಬ ನಿಯಮಗಳ ಸಮುಚ್ಚಯ. ಸಂಕೇತವೆಂದರೆ ಆ ಅಕ್ಷರವು ಯಂತ್ರದಲ್ಲಿ ಯಾವ ಸಂಖ್ಯೆಯಾಗಿ ಉಳಿಯುತ್ತದೆ ಎಂಬ ನಿರ್ಧಾರ. ಬೆರಳಚ್ಚು ಯಂತ್ರದಲ್ಲಿ ಈ ಭೇದವಿರಲಿಲ್ಲ. ಕೆ. ಅನಂತಸುಬ್ಬರಾಯರು ರೂಪಿಸಿದ ಕನ್ನಡ ಬೆರಳಚ್ಚಿನ ವಿನ್ಯಾಸವೇ ಆಗಲಿ, ಆ ಬಗೆಯ ಬೇರೆ ಯಂತ್ರಗಳ ವಿನ್ಯಾಸವೇ ಆಗಲಿ, ಕೀಲಿಯನ್ನು ಒತ್ತಿದೊಡನೆ ಕಾಗದದ ಮೇಲೆ ಮೂಡುವ ಆಕಾರವನ್ನೇ ಅಂತಿಮವೆಂದು ಗ್ರಹಿಸಿದ್ದವು. ಗಣಕದ ಆರಂಭಕಾಲದ ಕನ್ನಡ ತಂತ್ರಾಂಶಗಳಲ್ಲಿಯೂ ಅಕ್ಷರಶೈಲಿಗೆ ತಕ್ಕಂತೆ ಸಂಕೇತಗಳು ಬದಲಾಗುತ್ತಿದ್ದುದರಿಂದ ಒಂದರಲ್ಲಿ ಸಿದ್ಧಪಡಿಸಿದ ಕಡತವನ್ನು ಇನ್ನೊಂದರಲ್ಲಿ ತೆರೆದರೆ ಪಠ್ಯ ಕಲಸಿಹೋಗುತ್ತಿತ್ತು.

ಯೂನಿಕೋಡ್ ಶಿಷ್ಟತೆ ಈ ಸ್ಥಿತಿಯನ್ನು ಬದಲಿಸಿತು. ಅದರಲ್ಲಿ ಕನ್ನಡ ಲಿಪಿಗೆ ೧೨೮ ಸ್ಥಾನಗಳು ಮೀಸಲಾಗಿವೆ. 'ಕ' ಎಂಬುದನ್ನು ಯಾವ ಕೀಲಿಯಿಂದ, ಯಾವ ಕ್ರಮದಿಂದ ಪಡೆದರೂ ಅದು ಉಳಿಯುವುದು ಒಂದೇ ಸಂಖ್ಯೆಯಾಗಿ. ಸಂಕೇತದ ಸ್ತರ ಸ್ಥಿರವಾಗಿರುವುದರಿಂದಲೇ ಕೀಲಿಯ ಸ್ತರದಲ್ಲಿ ಸ್ವಾತಂತ್ರ್ಯ ಸಾಧ್ಯವಾಗಿದೆ. ಇಬ್ಬರು ಸಂಶೋಧಕರು ಬೇರೆ ಬೇರೆ ವಿನ್ಯಾಸಗಳನ್ನು ಬಳಸಿದರೂ ಅವರ ಪಠ್ಯಗಳನ್ನು ಒಟ್ಟುಗೂಡಿಸಿ ಅಕಾರಾದಿಯಾಗಿ ಜೋಡಿಸಬಹುದು, ಅವುಗಳಲ್ಲಿ ಪದಗಳನ್ನು ಹುಡುಕಬಹುದು.

೨. ವಿನ್ಯಾಸಗಳ ಪರಂಪರೆ

ಕನ್ನಡದಲ್ಲಿ ಎರಡು ಮುಖ್ಯ ವಿನ್ಯಾಸ ಪರಂಪರೆಗಳನ್ನು ಗುರುತಿಸಬಹುದು. ಮೊದಲನೆಯದು ೧೯೮೬ರಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ರೂಪಿಸಿದ ಇನ್‌ಸ್ಕ್ರಿಪ್ಟ್. ಬ್ರಾಹ್ಮೀ ಮೂಲದ ಭಾರತೀಯ ಲಿಪಿಗಳೆಲ್ಲಕ್ಕೂ ಒಂದೇ ಚೌಕಟ್ಟನ್ನು ಒದಗಿಸುವುದು ಇದರ ಆಶಯ. ಇದರಲ್ಲಿ ಸ್ವರಗಳು ಎಡಗೈ ಭಾಗಕ್ಕೂ ವ್ಯಂಜನಗಳು ಬಹುಮಟ್ಟಿಗೆ ಬಲಗೈ ಭಾಗಕ್ಕೂ ಬರುತ್ತವೆ. ಎರಡನೆಯದು ಕೆ.ಪಿ. ರಾವ್ ಅವರ ವಿನ್ಯಾಸ. ಇಂಗ್ಲಿಷ್ ಕೀಲಿಗಳ ಧ್ವನಿಸಾಮ್ಯವನ್ನು ಆಧರಿಸಿದ ಈ ಪದ್ಧತಿಯು ಕರ್ನಾಟಕ ಸರ್ಕಾರದ ಮನ್ನಣೆ ಪಡೆದು, ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದ ಮೂಲಕ ವ್ಯಾಪಕವಾಯಿತು. ಇದರಲ್ಲಿ 'ಕನ್ನಡ' ಎಂಬ ಪದಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿಗಳು ಸಾಕು. 'ಎಫ್' ಕೀಲಿಯು ವ್ಯಂಜನಗಳನ್ನು ಕೂಡಿಸುವ ಅರ್ಧಾಕ್ಷರ ಚಿಹ್ನೆಯ ಕೆಲಸ ಮಾಡುತ್ತದೆ.

ಈ ವಿನ್ಯಾಸದ ಹಿಂದಿರುವುದು ಕನ್ನಡ ಕಾಗುಣಿತದ ತಿಳುವಳಿಕೆ. ಪದಾದಿಯಲ್ಲಿ ಒತ್ತಿದರೆ 'ಇ' ನೀಡುವ ಕೀಲಿಯೇ ವ್ಯಂಜನದ ಬಳಿಕ ಒತ್ತಿದಾಗ ಗುಡಿಸನ್ನು ನೀಡುತ್ತದೆ. ಸ್ವರಕ್ಕೂ ಅದರ ಗುಣಿತಚಿಹ್ನೆಗೂ ಬೇರೆ ಬೇರೆ ಕೀಲಿಗಳು ಬೇಕಿಲ್ಲ. ಕೀಲಿಯ ಅರ್ಥವು ಅದರ ಹಿಂದಿನ ಅಕ್ಷರವನ್ನು ಅವಲಂಬಿಸುವ ಈ ಗುಣವನ್ನು ಸಂದರ್ಭಾನುಸಾರಿ ನಿಯಮವೆಂದು ಕರೆಯಬಹುದು.

೩. ಕಿರುಪರದೆಯ ಸಮಸ್ಯೆ

ಕನ್ನಡ ವರ್ಣಮಾಲೆಯಲ್ಲಿ ೧೩ ಸ್ವರಗಳು, ೨ ಯೋಗವಾಹಗಳು, ೩೪ ವ್ಯಂಜನಗಳು ಸೇರಿ ೪೯ ಅಕ್ಷರಗಳಿವೆ. ಇವುಗಳಿಗೆ ೧೨ ಗುಣಿತಚಿಹ್ನೆಗಳನ್ನೂ ಅರ್ಧಾಕ್ಷರ ಚಿಹ್ನೆಯನ್ನೂ ಸೇರಿಸಿದರೆ ೬೨ ಆಗುತ್ತದೆ; ಕನ್ನಡ ಅಂಕಿಗಳನ್ನೂ ಗಣಿಸಿದರೆ ೭೨. ಫೋನಿನ ಪರದೆಯ ಅಗಲದಲ್ಲಿ ಬೆರಳಿಗೆ ಸುಲಭವಾಗಿ ಸಿಗುವಂತೆ ಸುಮಾರು ಹತ್ತು ಕೀಲಿಗಳನ್ನು ಇಡಬಹುದು. ಮೂರು ಸಾಲುಗಳೆಂದರೆ ಮೂವತ್ತು ಕೀಲಿಗಳು. ಆದುದರಿಂದ ಅರ್ಧಕ್ಕಿಂತ ಹೆಚ್ಚು ಅಕ್ಷರಗಳು ಎರಡನೆಯ ಪದರಕ್ಕೆ, ಇಲ್ಲವೆ ಕೀಲಿಯನ್ನು ಒತ್ತಿಹಿಡಿದಾಗ ಮಾತ್ರ ಕಾಣುವ ಕಿರುಪಟ್ಟಿಗೆ ಹೋಗಬೇಕಾಗುತ್ತದೆ.

ಯಾವುದು ಮೇಲಿರಬೇಕು, ಯಾವುದು ಅಡಗಬೇಕು ಎಂಬ ನಿರ್ಣಯ ಇಲ್ಲಿ ಅನಿವಾರ್ಯ. ವರ್ಣಮಾಲೆಯ ಕ್ರಮವನ್ನೇ ಅನುಸರಿಸುವ ವಿನ್ಯಾಸದಲ್ಲಿ ಇಂದಿನ ಬರವಣಿಗೆಯಲ್ಲಿ ಅತಿ ವಿರಳವಾದ 'ಙ'ಕಾರಕ್ಕೂ ಒಂದು ಕೀಲಿ ದೊರೆಯುತ್ತದೆ. ಹಳಗನ್ನಡದ ಪುಟಪುಟದಲ್ಲಿಯೂ ಬರುವ ಱಕಾರ, ೞಕಾರಗಳು ಇಂದಿನ ವರ್ಣಮಾಲೆಯಲ್ಲಿ ಇಲ್ಲವೆಂಬ ಕಾರಣಕ್ಕೆ ಹೊರಗುಳಿಯುತ್ತವೆ. ಸಾಮಾನ್ಯ ಬಳಕೆದಾರನ ಅಗತ್ಯವನ್ನು ಗಮನದಲ್ಲಿಟ್ಟ ವಿನ್ಯಾಸಕಾರರನ್ನು ಇದಕ್ಕಾಗಿ ದೂರುವಂತಿಲ್ಲ. ಆದರೆ ಒಂದೇ ವಿನ್ಯಾಸ ಎಲ್ಲರಿಗೂ ಒದಗದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

೪. ರಳ ಮತ್ತು ಶಕಟರೇಫ: ಅರ್ಥಭೇದದ ಪ್ರಶ್ನೆ

ಈ ಎರಡು ಅಕ್ಷರಗಳು ಕೇವಲ ಬರವಣಿಗೆಯ ಅಲಂಕಾರಗಳಲ್ಲ. ಹಳಗನ್ನಡದಲ್ಲಿ 'ಅಱಿ' ಎಂದರೆ ತಿಳಿ. 'ಅರಿ' ಎಂದರೆ ಕತ್ತರಿಸು. 'ಬಾೞ್' ಎಂದರೆ ಬದುಕು. 'ಬಾಳ್' ಎಂದರೆ ಕತ್ತಿ. 'ಆಱ್' ಸಂಖ್ಯಾವಾಚಿ, 'ಆರ್' ಪ್ರಶ್ನಾರ್ಥಕ ಸರ್ವನಾಮ. ಕೇಶಿರಾಜನು ಹದಿಮೂರನೆಯ ಶತಮಾನದ 'ಶಬ್ದಮಣಿದರ್ಪಣ'ದಲ್ಲಿ ರಳ, ಕುಳ, ಕ್ಷಳಗಳ ವಿವೇಚನೆಗೆ ವಿಶೇಷ ಗಮನ ನೀಡಿರುವುದು ಈ ಭೇದದ ಮಹತ್ವವನ್ನು ಸೂಚಿಸುತ್ತದೆ. ಕಾಲಾಂತರದಲ್ಲಿ ೞಕಾರವು ಳಕಾರದಲ್ಲಿಯೂ, ವ್ಯಂಜನದ ಹಿಂದೆ ರೇಫದಲ್ಲಿಯೂ ಲೀನವಾಯಿತು. ಱಕಾರವು ಅದಕ್ಕಿಂತ ಹೆಚ್ಚು ಕಾಲ ಉಳಿದು ರಕಾರದಲ್ಲಿ ಬೆರೆಯಿತು. ಶಾಸನದ ಕಾಲನಿರ್ಣಯದಲ್ಲಿ, ಹಸ್ತಪ್ರತಿಯ ಪಾಠಪರಿಷ್ಕರಣದಲ್ಲಿ ಈ ಅಕ್ಷರಗಳ ಇರವು ಮತ್ತು ವ್ಯತ್ಯಯ ಸಾಕ್ಷ್ಯಗಳಾಗುತ್ತವೆ. ನಕಲಿನ ಹಂತದಲ್ಲಿಯೇ ಅವು ಅಳಿದರೆ ಸಾಕ್ಷ್ಯವೇ ನಾಶವಾದಂತೆ.

ಯೂನಿಕೋಡಿನಲ್ಲಿ ಎರಡೂ ಅಕ್ಷರಗಳಿವೆ. ಆದರೆ ೞಕಾರದ ಹೆಸರನ್ನು ಅಲ್ಲಿ ಆರಂಭದಲ್ಲಿಯೇ 'ಫ' ಎಂಬ ಅರ್ಥ ಬರುವಂತೆ ತಪ್ಪಾಗಿ ನಮೂದಿಸಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಶಿಷ್ಟತೆಯ ನಿಯಮವಾದುದರಿಂದ, ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಮಾತ್ರ ಸೇರಿಸಲಾಗಿದೆ. ಅಕ್ಷರಪಟ್ಟಿಯಲ್ಲಿ ಹೆಸರನ್ನು ನೋಡಿ ಹುಡುಕುವವರಿಗೆ ರಳ ಸಿಗದಿರಲು ಇದೂ ಒಂದು ಕಾರಣ. ೨೦೨೧ರಲ್ಲಿ ಸೇರ್ಪಡೆಯಾದ ನಕಾರ ಪೊಲ್ಲಿನಂಥ ಚಿಹ್ನೆಗಳ ವಿಷಯದಲ್ಲಿಯೂ ಗಮನಿಸಬೇಕಾದುದು ಇದನ್ನೇ: ಸಂಕೇತ ದೊರೆತ ಮಾತ್ರಕ್ಕೆ ಅಕ್ಷರವು ಬೆರಳಿಗೆ ಎಟಕುವುದಿಲ್ಲ.

೫. ವಿನ್ಯಾಸವನ್ನು ಮಾರ್ಪಡಿಸುವ ಬಗೆ

ಆಂಡ್ರಾಯ್ಡ್ ವ್ಯವಸ್ಥೆಯಲ್ಲಿ ೨೦೦೯ರಿಂದಲೂ, ಐಫೋನಿನಲ್ಲಿ ೨೦೧೪ರಿಂದಲೂ ಹೊರಗಿನವರು ರಚಿಸಿದ ಕೀಲಿಮಣೆಗಳನ್ನು ಅಳವಡಿಸಿಕೊಳ್ಳಲು ಅವಕಾಶವಿದೆ. ಇವುಗಳಲ್ಲಿ ಕೆಲವು, ವಿನ್ಯಾಸವನ್ನೇ ಬಳಕೆದಾರರು ಬರೆದು ಸೇರಿಸುವ ಸೌಲಭ್ಯವನ್ನು ಒದಗಿಸಿವೆ. ಅವುಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯ ಬಗೆಯವು ಸ್ಥಾನಪ್ರಧಾನವಾದವು. ಮುಕ್ತ ತಂತ್ರಾಂಶವಾದ 'ಅನ್‌ಎಕ್ಸ್‌ಪೆಕ್ಟೆಡ್ ಕೀಬೋರ್ಡ್' ಇದಕ್ಕೆ ಉದಾಹರಣೆ. ಫೋನಿನಲ್ಲಿ ಆದೇಶಗಳನ್ನು ಬರೆಯುವ ತಂತ್ರಾಂಶಕಾರರಿಗಾಗಿ ಮೊದಲು ರೂಪುಗೊಂಡ ಇದರಲ್ಲಿ, ಕೀಲಿಯ ನಡುವೆ ಒಂದು ಅಕ್ಷರವೂ ಅದರ ಸುತ್ತಲಿನ ಎಂಟು ದಿಕ್ಕುಗಳಲ್ಲಿ ಬೇರೆ ಅಕ್ಷರಗಳೂ ಇರಬಹುದು. ಕೀಲಿಯನ್ನು ಮುಟ್ಟಿ ಬೆರಳನ್ನು ಆಯಾ ದಿಕ್ಕಿಗೆ ಸರಿಸಿದರೆ ಆ ಅಕ್ಷರ ಮೂಡುತ್ತದೆ. ವಿನ್ಯಾಸವನ್ನು ಎಕ್ಸ್‌ಎಂಎಲ್ ಎಂಬ ಸರಳ ಪಠ್ಯರೂಪದಲ್ಲಿ ಬರೆಯಬೇಕು: ಕೀಲಿಮಣೆಯೊಳಗೆ ಸಾಲುಗಳು, ಸಾಲಿನೊಳಗೆ ಕೀಲಿಗಳು, ಪ್ರತಿ ಕೀಲಿಗೂ ನಡುವಿನ ಮತ್ತು ದಿಕ್ಕುಗಳ ಅಕ್ಷರಗಳು, ಬೇಕಾದರೆ ಕೀಲಿಯ ಅಗಲ. ಹೀಗೆ ಬರೆದ ಪಠ್ಯವನ್ನು ಕೀಲಿಮಣೆಯ ಆಯ್ಕೆಗಳಲ್ಲಿ ಹೊಸ ವಿನ್ಯಾಸವೆಂದು ಅಂಟಿಸಿದರೆ ಅದು ಬಳಕೆಗೆ ಬರುತ್ತದೆ. ತಂತ್ರಾಂಶವನ್ನು ಮತ್ತೆ ಕಟ್ಟುವ ಅಗತ್ಯವಿಲ್ಲ.

ಎರಡನೆಯ ಬಗೆಯವು ನಿಯಮಪ್ರಧಾನವಾದವು. 'ಕೀಮ್ಯಾನ್' ಎಂಬ ವ್ಯವಸ್ಥೆ ಇದಕ್ಕೆ ನಿದರ್ಶನ. ಮಾರ್ಕ್ ಡರ್ಡಿನ್ ರೂಪಿಸಿದ ಇದನ್ನು ೨೦೧೫ರಲ್ಲಿ ಎಸ್‌ಐಎಲ್ ಸಂಸ್ಥೆ ವಹಿಸಿಕೊಂಡಿತು. ಇದೀಗ ಉಚಿತವೂ ಮುಕ್ತವೂ ಆಗಿದೆ. ಇದರ ರಚನಾ ಸಾಧನದಲ್ಲಿ ಕೀಲಿಗಳ ಸ್ಥಾನವನ್ನಷ್ಟೇ ಅಲ್ಲದೆ 'ಹಿಂದೆ ಇಂಥ ಅಕ್ಷರವಿದ್ದು ಇಂಥ ಕೀಲಿ ಒತ್ತಿದರೆ ಇಂಥದು ಬರಲಿ' ಎಂಬ ಸೂತ್ರಗಳನ್ನೂ ಬರೆಯಬಹುದು. ಕೆ.ಪಿ. ರಾವ್ ವಿನ್ಯಾಸದ ಸಂದರ್ಭಾನುಸಾರಿ ಗುಣವನ್ನು ಫೋನಿಗೆ ತರಬೇಕಾದರೆ ಈ ಬಗೆಯ ವ್ಯವಸ್ಥೆಯೇ ಬೇಕು. ಸ್ಥಾನಪ್ರಧಾನ ವ್ಯವಸ್ಥೆಯಲ್ಲಿ ಹನ್ನೆರಡು ಗುಣಿತಚಿಹ್ನೆಗಳಿಗೂ ಪ್ರತ್ಯೇಕ ಸ್ಥಾನ ಕಲ್ಪಿಸಬೇಕಾಗುತ್ತದೆ. ಮೊದಲನೆಯದು ಕಲಿಯಲು ಸುಲಭ; ಎರಡನೆಯದು ಶ್ರಮಸಾಧ್ಯವಾದರೂ ಕನ್ನಡ ಬರವಣಿಗೆಯ ಸ್ವಭಾವಕ್ಕೆ ಹತ್ತಿರ.

ಸಂಶೋಧಕರಿಗೆ ಉಪಯುಕ್ತವಾದ ವಿನ್ಯಾಸವೊಂದರ ಸ್ಥೂಲರೂಪವನ್ನು ಹೀಗೆ ಸೂಚಿಸಬಹುದು. ರಕಾರದ ಕೀಲಿಯ ಬಲಮೇಲ್ಮೂಲೆಯಲ್ಲಿ ಱಕಾರವನ್ನೂ, ಳಕಾರದ ಕೀಲಿಯ ಅದೇ ಮೂಲೆಯಲ್ಲಿ ೞಕಾರವನ್ನೂ ಇರಿಸುವುದು. ಇದರಿಂದ ಯಾವ ಅಕ್ಷರದಲ್ಲಿ ಯಾವುದು ಲೀನವಾಯಿತೆಂಬ ಧ್ವನಿಚರಿತ್ರೆಯೇ ಕೀಲಿಯ ಸ್ಥಾನವನ್ನು ನೆನಪಿಸುತ್ತದೆ. 'ರ' ಒತ್ತಲು ಹೊರಟವರಿಗೆ ಇದು ಶಕಟರೇಫವೇ ಎಂದು ಒಮ್ಮೆ ನೋಡಿಕೊಳ್ಳಲು ಅವಕಾಶವೂ ಆಗುತ್ತದೆ. ಅಕಾರದ ಕೀಲಿಗೆ ಅವಗ್ರಹವನ್ನೂ, ವಿಸರ್ಗದ ಕೀಲಿಗೆ ಜಿಹ್ವಾಮೂಲೀಯ, ಉಪಧ್ಮಾನೀಯಗಳನ್ನೂ ಸೇರಿಸಬಹುದು.

ಒಂದು ಕೀಲಿಗೆ ಅಕ್ಷರಗಳ ಸರಣಿಯನ್ನೇ ಕೊಡುವ ಸೌಲಭ್ಯವೂ ಪ್ರಯೋಜನಕಾರಿ. 'ರ‍್ಯಾಂಕ್' ಎಂಬಲ್ಲಿ ರಕಾರವು ಅರ್ಕಾವತ್ತಾಗದೆ ಪೂರ್ಣರೂಪದಲ್ಲಿಯೇ ನಿಲ್ಲಬೇಕಾದರೆ ರಕಾರಕ್ಕೂ ಅರ್ಧಾಕ್ಷರ ಚಿಹ್ನೆಗೂ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತ ಬರಬೇಕು. 'ಸ್ಮಾರ್ಟ್‌ಫೋನ್' ಎಂಬಲ್ಲಿ ಟಕಾರಕ್ಕೆ ಫಕಾರದ ಒತ್ತು ಬೀಳದಂತೆ ತಡೆಯುವುದೂ ಅಂಥದೇ ಇನ್ನೊಂದು ಸಂಕೇತ. ಇವುಗಳನ್ನು ಸಿದ್ಧ ಸರಣಿಯಾಗಿ ಕೀಲಿಯಲ್ಲಿ ಅಳವಡಿಸಿದರೆ ಬರೆಯುವವರು ಆ ಸಂಕೇತಗಳ ಹೆಸರನ್ನು ತಿಳಿದಿರಬೇಕಾದ ಅಗತ್ಯವಿಲ್ಲ.

೬. ಎಚ್ಚರ ವಹಿಸಬೇಕಾದ ಅಂಶಗಳು

ವಿನ್ಯಾಸದ ಸ್ವಾತಂತ್ರ್ಯವು ಸಂಕೇತದ ಸ್ವೇಚ್ಛೆಯಾಗಬಾರದು. ಅನುಸ್ವಾರದ 'ಂ' ಮತ್ತು ಸೊನ್ನೆಯ ಅಂಕಿ '೦' ನೋಟಕ್ಕೆ ಹೆಚ್ಚುಕಡಿಮೆ ಒಂದೇ. ವಿನ್ಯಾಸ ರಚಿಸುವವರು ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇರಿಸಿದರೆ ಆ ಕೀಲಿಮಣೆಯಿಂದ ಬರೆದ ಪಠ್ಯವೆಲ್ಲವೂ ಕಣ್ಣಿಗೆ ಸರಿಯಾಗಿಯೇ ಕಂಡು, ಹುಡುಕಾಟದಲ್ಲಿ ಮಾತ್ರ ಸಿಗದೆ ಹೋಗುತ್ತದೆ. ಆದುದರಿಂದ ಆಕಾರವನ್ನು ನೋಡಿ ಅಲ್ಲ, ಸಂಕೇತಸಂಖ್ಯೆಯನ್ನು ಪರಿಶೀಲಿಸಿಯೇ ಅಕ್ಷರವನ್ನು ಕೀಲಿಗೆ ಸೇರಿಸಬೇಕು.

ಎರಡನೆಯದಾಗಿ, ಪದಗಳನ್ನು ತಾವಾಗಿ ತಿದ್ದುವ ಕೀಲಿಮಣೆಗಳಲ್ಲಿ ಆ ಸೌಲಭ್ಯವನ್ನು ನಿಲ್ಲಿಸದಿದ್ದರೆ ಹಳಗನ್ನಡ ರೂಪಗಳು ಹೊಸಗನ್ನಡಕ್ಕೆ ತಿರುಗುವ ಅಪಾಯವಿದೆ. ಮೂರನೆಯದಾಗಿ, ಓದುಗರ ಫೋನಿನ ಅಕ್ಷರಶೈಲಿಯಲ್ಲಿ ಆಯಾ ಅಕ್ಷರದ ಆಕಾರವಿಲ್ಲದಿದ್ದರೆ ಅಲ್ಲಿ ಖಾಲಿ ಚೌಕ ಕಾಣುತ್ತದೆ. ಅದನ್ನು ಕೀಲಿಮಣೆ ಸರಿಪಡಿಸಲಾರದು. ನಾಲ್ಕನೆಯದಾಗಿ, ಬರೆದುದೆಲ್ಲವೂ ಕೀಲಿಮಣೆಯ ಮೂಲಕವೇ ಹಾದುಹೋಗುವುದರಿಂದ ಅದರ ರಚನೆ ಪರಿಶೀಲನೆಗೆ ಮುಕ್ತವಾಗಿದೆಯೇ, ಅದು ಅಂತರಜಾಲದ ಸಂಪರ್ಕವನ್ನು ಬೇಡುತ್ತದೆಯೇ ಎಂಬುದನ್ನು ಗಮನಿಸುವುದು ಅಗತ್ಯ.

೭. ಸಮಾರೋಪ

ಕೀಲಿಮಣೆಯನ್ನು ಮಾರ್ಪಡಿಸುವುದು ವ್ಯಕ್ತಿಗತ ಅನುಕೂಲದ ವಿಷಯವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಪ್ರತಿಯೊಬ್ಬ ಸಂಶೋಧಕರೂ ತಮತಮಗೆ ಒಂದೊಂದು ವಿನ್ಯಾಸ ರಚಿಸಿಕೊಂಡರೆ ಒಬ್ಬರ ಅಭ್ಯಾಸ ಇನ್ನೊಬ್ಬರಿಗೆ ನೆರವಾಗದು. ವಿದ್ಯಾರ್ಥಿಗಳಿಗೆ ಕಲಿಸುವುದೂ ಕಷ್ಟ. ಹಸ್ತಪ್ರತಿ ಮತ್ತು ಶಾಸನಗಳ ಕೆಲಸದಲ್ಲಿ ತೊಡಗಿರುವ ಕನ್ನಡ ವಿಭಾಗಗಳು ಒಂದು ಸಾಮಾನ್ಯ ವಿನ್ಯಾಸವನ್ನು ನಿಶ್ಚಯಿಸಿ, ಅದರ ಕಡತವನ್ನೂ ಅಕ್ಷರಗಳ ಸಂಕೇತಸಂಖ್ಯೆಗಳ ಪಟ್ಟಿಯನ್ನೂ ಮುಕ್ತವಾಗಿ ಹಂಚುವುದು ಸಾಧುವಾದ ಮಾರ್ಗ. ೨೦೨೪ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಲಿಪಿಯೂ ಯೂನಿಕೋಡಿಗೆ ಸೇರಿದೆ. ಆ ಲಿಪಿಯ ಹಸ್ತಪ್ರತಿಗಳನ್ನು ಓದುವವರಿಗೂ ಇದೇ ಪ್ರಶ್ನೆ ಎದುರಾಗಲಿದೆ.

ಗ್ರಂಥಸಂಪಾದಕರು ತಮ್ಮ ಪ್ರಸ್ತಾವನೆಯಲ್ಲಿ ಬಳಸಿದ ಪ್ರತಿಗಳ ವಿವರವನ್ನು ಕೊಡುವುದು ಪದ್ಧತಿ. ಪಠ್ಯವನ್ನು ಫೋನಿನಲ್ಲಿ ನಕಲು ಮಾಡಿದ್ದರೆ, ಯಾವ ಕೀಲಿಮಣೆಯಿಂದ ಮಾಡಲಾಯಿತು, ಅದರಲ್ಲಿ ಱ, ೞಗಳಿಗೆ ಸ್ಥಾನವಿತ್ತೇ ಎಂಬುದನ್ನೂ ಅಲ್ಲಿಯೇ ನಮೂದಿಸುವುದು ಯುಕ್ತ. ಪಠ್ಯದಲ್ಲಿ ಕಾಣುವ 'ರ' ಮೂಲದ್ದೇ, ನಕಲಿನದ್ದೇ ಎಂದು ಮುಂದಿನ ಓದುಗರು ನಿರ್ಣಯಿಸಲು ಅಷ್ಟು ಮಾಹಿತಿ ಆಧಾರವಾಗುತ್ತದೆ.