ಮೋಟಾರಿನ ಗೇರ್ ಪೆಟ್ಟಿಗೆ: ಅದರ ಆರೈಕೆ ಮತ್ತು ದುರಸ್ತಿ

ಯಂತ್ರಯುಗದಲ್ಲಿ ಬಾಳುವ ನಾವು ದಿನಂಪ್ರತಿ ಮೋಟಾರು ವಾಹನಗಳಲ್ಲಿ ಸಂಚರಿಸುತ್ತೇವೆ. ಎಂಜಿನ್ ಎಂಬ ಹೆಸರು ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಎಂಜಿನ್ನಿನ ಶಕ್ತಿಯನ್ನು ಗಾಲಿಗಳಿಗೆ ಮುಟ್ಟಿಸುವ ಗೇರ್ ಪೆಟ್ಟಿಗೆಯ ಕಡೆಗೆ, ಅದು ಕೆಟ್ಟು ನಿಲ್ಲುವವರೆಗೂ, ಯಾರ ಲಕ್ಷ್ಯವೂ ಹೋಗುವುದಿಲ್ಲ. ಕಲಾವಿಭಾಗದ ವಿದ್ಯಾರ್ಥಿಯಾದ ನಾನು ಈ ವಿಷಯವನ್ನು ಆರಿಸಿಕೊಂಡದ್ದು ಕೆಲವರಿಗೆ ವಿಚಿತ್ರವೆನಿಸಬಹುದು. ನನ್ನ ತಂದೆಯವರು ಕಮಲಾಪುರದ ಕಡೆಯ ಹಳ್ಳಿಗಳಿಂದ ಕಲಬುರಗಿಯ ಪೇಟೆಗೆ ತೊಗರಿ, ಬಾಳೆಹಣ್ಣು ಸಾಗಿಸುವ ಸಣ್ಣ ಸರಕು ಗಾಡಿಯ ಚಾಲಕರು. ಗಾಡಿ ಓಡಿದರೆ ನಮ್ಮ ಮನೆಯ ಒಲೆ ಉರಿಯುತ್ತದೆ. ನನ್ನ ಕಾಲೇಜಿನ ಫೀ ಕೂಡ ಅದರ ದುಡಿಮೆಯೇ. ರಜೆಯ ದಿನಗಳಲ್ಲಿ ಬ್ರಹ್ಮಪುರದ ನಮ್ಮ ಓಣಿಯ ಗ್ಯಾರೇಜಿನಲ್ಲಿ ಉಸ್ತಾದರಿಗೆ ಪಾನಾ ಎತ್ತಿಕೊಡುತ್ತ ಕಂಡು ಕಲಿತದ್ದನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಗೇರು ಏತಕ್ಕೆ ಬೇಕು?

ಬ್ರಹ್ಮಪುರದ ಶರಣಬಸವೇಶ್ವರರ ಜಾತ್ರೆಯಲ್ಲಿ ತೇರು ಎಳೆಯುವುದನ್ನು ನಾವೆಲ್ಲರೂ ನೋಡಿದ್ದೇವೆ. ನಿಂತ ತೇರನ್ನು ಅಲುಗಿಸಲು ಅಪಾರ ಬಲ ಬೇಕು. ಒಮ್ಮೆ ಉರುಳತೊಡಗಿದ ಮೇಲೆ ಅಷ್ಟು ಬೇಡ. ಗಾಡಿಯದೂ ಅದೇ ನ್ಯಾಯ. ಆದರೆ ಎಂಜಿನ್ ತೀರ ನಿಧಾನವಾಗಿ ತಿರುಗಿದರೆ ಅದರಲ್ಲಿ ಬಲವಿರುವುದಿಲ್ಲ. ಆದುದರಿಂದ ಅದನ್ನು ವೇಗವಾಗಿಯೇ ತಿರುಗಗೊಟ್ಟು, ಸಣ್ಣ ಹಲ್ಲುಚಕ್ರದಿಂದ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತಾರೆ. 15 ಹಲ್ಲಿನ ಚಕ್ರವು 45 ಹಲ್ಲಿನ ಚಕ್ರವನ್ನು ತಿರುಗಿಸಿದರೆ ವೇಗ ಮೂರರಲ್ಲೊಂದು ಪಾಲಾಗುತ್ತದೆ, ತಿರುಗಿಸುವ ಬಲ ಸುಮಾರು ಮೂರು ಪಟ್ಟಾಗುತ್ತದೆ. ಮೊದಲನೆಯ ಗೇರಿನಲ್ಲಿ ಬಲ, ಮೇಲಿನ ಗೇರುಗಳಲ್ಲಿ ವೇಗ; ಇದೇ ಪೆಟ್ಟಿಗೆಯ ಒಟ್ಟು ತತ್ತ್ವ.

ಎಂಜಿನ್ನಿಗೂ ಪೆಟ್ಟಿಗೆಗೂ ನಡುವೆ ಕ್ಲಚ್ ಇದೆ. ಪೆಡಲನ್ನು ಒತ್ತಿದಾಗ ಅವೆರಡರ ಸಂಬಂಧ ಕಡಿಯುತ್ತದೆ, ಬಿಟ್ಟಾಗ ಕೂಡುತ್ತದೆ. ಹಿಂದಿನ ಮೋಟಾರುಗಳಲ್ಲಿ ತಿರುಗುತ್ತಿರುವ ಚಕ್ರಗಳನ್ನೇ ಸರಿಸಿ ಹಲ್ಲಿಗೆ ಹಲ್ಲು ಕೂಡಿಸಬೇಕಾಗಿದ್ದಿತು. 1928ರಲ್ಲಿ ಅಮೇರಿಕದ ಕ್ಯಾಡಿಲಾಕ್ ಕಾರುಗಳಲ್ಲಿ ಸಿಂಕ್ರೊಮೆಶ್ ಎಂಬ ಏರ್ಪಾಡು ಬಂದಿತು. ಅದರಲ್ಲಿ ಎರಡು ಭಾಗಗಳು ಮೊದಲು ಉಜ್ಜಿ ಸಮವೇಗಕ್ಕೆ ಬಂದು, ಅನಂತರವೇ ಹಲ್ಲುಗಳು ಕೂಡುತ್ತವೆ. ಇಂದಿನ ಗಾಡಿಗಳಲ್ಲಿ ಈ ಉಜ್ಜುವ ಕೆಲಸವನ್ನು ಸಾಮಾನ್ಯವಾಗಿ ಹಿತ್ತಾಳೆಯ ಉಂಗುರಗಳು ಮಾಡುತ್ತವೆ. ಅವಸರದಿಂದ ಗೇರನ್ನು ತಳ್ಳುವವನು ಈ ಉಂಗುರಗಳನ್ನೇ ಸವೆಸುತ್ತಾನೆ.

ಆರೈಕೆಯ ಕ್ರಮ

ಪೆಟ್ಟಿಗೆಯ ಆಯುಷ್ಯ ಅದರ ಎಣ್ಣೆಯಲ್ಲಿದೆ. ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಪೆಟ್ಟಿಗೆಯ ಪಕ್ಕದಲ್ಲಿರುವ ತಿರುಪನ್ನು ಬಿಚ್ಚಿ ನೋಡಬೇಕು. ಬಹುಪಾಲು ಪೆಟ್ಟಿಗೆಗಳಲ್ಲಿ ಎಣ್ಣೆಯು ಆ ರಂಧ್ರದ ಅಂಚಿನವರೆಗೆ ಇರತಕ್ಕದ್ದು. ಹಳೆಯ ಎಣ್ಣೆಯನ್ನು ಗಾಡಿ ಸ್ವಲ್ಪ ಓಡಿ ಬಿಸಿಯಾದಾಗ ಇಳಿಸಿದರೆ ಕೊಳೆಯೂ ಕೂಡಿ ಬರುತ್ತದೆ. ಕೆಳಗಿನ ತಿರುಪಿಗೆ ಕೈ ಹಾಕುವ ಮೊದಲು ಮೇಲಿನದು ಬಿಚ್ಚುವುದೋ ಇಲ್ಲವೋ ಎಂದು ನೋಡಿಕೊಳ್ಳಬೇಕು. ಇಲ್ಲವಾದರೆ ಎಣ್ಣೆ ಇಳಿಸಿದ ಮೇಲೆ ಹೊಸದನ್ನು ತುಂಬಲು ದಾರಿಯೇ ಇರುವುದಿಲ್ಲ. ಎಣ್ಣೆಯಲ್ಲಿ ನಯವಾದ ಲೋಹದ ಪುಡಿ ತುಸು ಕಂಡರೆ ಭಯವಿಲ್ಲ. ಚೂರುಗಳು ಕಂಡರೆ ಹಲ್ಲೋ ಬೇರಿಂಗೋ ಒಡೆದಿದೆ ಎಂದು ತಿಳಿಯಬೇಕು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಹಳ್ಳ ದಾಟುವಾಗ ನೀರು ಹೊಕ್ಕಿರಬಹುದು. ಯಾವ ದರ್ಜೆಯ ಎಣ್ಣೆ ಎಂಬುದಕ್ಕೆ ಗಾಡಿಯ ಕೈಪಿಡಿಯೇ ಪ್ರಮಾಣ. ಡಿಫರೆನ್ಷಿಯಲ್ಲಿಗೆ ಹೊಂದುವ ಎಣ್ಣೆ ಹಿತ್ತಾಳೆಯ ಉಂಗುರಗಳಿಗೆ ಹಾನಿ ಮಾಡುವುದುಂಟು.

ಬೇಸಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಜಿಲ್ಲೆಯ ಬಿಸಿಲು ಮತ್ತು ಎರೆಮಣ್ಣಿನ ಧೂಳು ಇನ್ನೊಂದು ಚಿಂತೆ. ಪೆಟ್ಟಿಗೆಯ ಮೇಲೆ ಗಾಳಿಯಾಡಲು ಚಿಕ್ಕದೊಂದು ರಂಧ್ರವಿರುತ್ತದೆ. ಮಣ್ಣು ಕಟ್ಟಿ ಅದು ಮುಚ್ಚಿದರೆ ಒಳಗಿನ ಬಿಸಿಗಾಳಿ ಆಯಿಲ್ ಸೀಲುಗಳ ಮೂಲಕ ಎಣ್ಣೆಯನ್ನು ಹೊರದೂಡುತ್ತದೆ. ಇದಲ್ಲದೆ, ಕ್ಲಚ್ ಪೆಡಲಿನ ಮೇಲೆ ಸದಾ ಕಾಲಿಟ್ಟು ಓಡಿಸುವ ಅಭ್ಯಾಸ ಕ್ಲಚ್ ಪ್ಲೇಟಿಗೆ ಶತ್ರು.

ರೋಗ ಲಕ್ಷಣಗಳು

ವೈದ್ಯನು ನಾಡಿ ನೋಡುವಂತೆ ಉಸ್ತಾದರು ಸದ್ದನ್ನು ಆಲಿಸುತ್ತಾರೆ. ನ್ಯೂಟ್ರಲ್ಲಿನಲ್ಲಿ ಬರುವ ಸದ್ದು ಪೆಡಲ್ ಒತ್ತಿದೊಡನೆ ನಿಂತರೆ ಪೆಟ್ಟಿಗೆಯ ಮುಂದಣ ಬೇರಿಂಗಿನ ಮೇಲೆ ಅನುಮಾನ. ಪೆಡಲ್ ಒತ್ತಿದಾಗ ಮಾತ್ರ ಸದ್ದು ಬಂದರೆ ಕ್ಲಚ್ಚಿನ ಬೇರಿಂಗ್ ಸವೆದಿರಬಹುದು. ಒಂದೇ ಗೇರು ಕರಕರ ಎಂದರೆ ಆ ಗೇರಿನ ಉಂಗುರ ನೋಡಬೇಕು. ಎಂಜಿನ್ ಅಬ್ಬರಿಸಿದರೂ ಗಾಡಿ ಮುನ್ನಡೆಯದಿದ್ದರೆ ಕ್ಲಚ್ ಪ್ಲೇಟ್ ಜಾರುತ್ತಿದೆ.

ಹಿಂದಿನ ತೊಗರಿ ಸುಗ್ಗಿಯಲ್ಲಿ ನಮ್ಮ ಗಾಡಿಗೆ ಯಾವ ಗೇರೂ ಸಲೀಸಾಗಿ ಬೀಳದಾಯಿತು. ಒಂದು ಗ್ಯಾರೇಜಿನವರು ಪೆಟ್ಟಿಗೆಯನ್ನೇ ಬದಲಿಸಬೇಕೆಂದು ಹೇಳಿ ದೊಡ್ಡ ಮೊತ್ತ ಕೇಳಿದರು. ತಾಯಿಯವರು ತಮ್ಮ ಬಳೆಗಳನ್ನು ಒತ್ತೆಯಿಡುವ ಮಾತೆತ್ತಿದರು. ಅಷ್ಟರಲ್ಲಿ ನಮ್ಮ ಓಣಿಯ ಉಸ್ತಾದರು ಬಂದು, "ಎಂಜಿನ್ ಬಂದ್ ಮಾಡಿ ಗೇರ್ ಹಾಕಿ ನೋಡೋ ತಮ್ಮಾ" ಎಂದರು. ಎಲ್ಲ ಗೇರುಗಳೂ ಬೆಣ್ಣೆಯಂತೆ ಬಿದ್ದವು. ಎಂಜಿನ್ ನಿಂತಾಗ ಸರಿಯಾಗಿ, ಓಡುವಾಗ ಎಲ್ಲವೂ ಬಿಗಿಯಾದರೆ ದೋಷ ಬಹುಮಟ್ಟಿಗೆ ಕ್ಲಚ್ಚಿನದು, ಪೆಟ್ಟಿಗೆಯದಲ್ಲ. ನೋಡಲಾಗಿ ಕ್ಲಚ್ಚಿನ ಕೇಬಲ್ ಎಳೆಗಳು ಹರಿದು ಸಡಿಲಾಗಿದ್ದಿತು. ಹೊಸ ಕೇಬಲ್ ಹಾಕಿದ ಸಂಜೆಯೇ ಗಾಡಿ ಕಮಲಾಪುರಕ್ಕೆ ಹೊರಟಿತು.

ದುರಸ್ತಿಯ ಮಾತು

ನಿಜವಾಗಿಯೂ ಪೆಟ್ಟಿಗೆ ಇಳಿಸಬೇಕಾದರೆ ಬ್ಯಾಟರಿಯ ತಂತಿ ಬಿಚ್ಚಿ, ಗಾಲಿಗಳಿಗೆ ಕಲ್ಲು ಕೊಟ್ಟು, ಗಾಡಿಯನ್ನು ಗಟ್ಟಿಯಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಬರಿಯ ಜಾಕನ್ನು ನಂಬಿ ಕೆಳಗೆ ನುಸುಳುವುದು ಪ್ರಾಣಕ್ಕೇ ಅಪಾಯ. ಇಳಿಸುವಾಗಲೂ ಏರಿಸುವಾಗಲೂ ಪೆಟ್ಟಿಗೆಯ ಭಾರ ಕ್ಲಚ್ ಪ್ಲೇಟಿನ ಮೇಲೆ ತೂಗಬಾರದು. ತೂಗಿದರೆ ಪ್ಲೇಟು ಬಾಗುತ್ತದೆ. ಪ್ಲೇಟನ್ನು ನಡುಮಧ್ಯಕ್ಕೆ ಕೂಡಿಸಲು ಹಳೆಯ ಗೇರ್ ಶಾಫ್ಟೊಂದನ್ನು ಅಳತೆಗೋಲಾಗಿ ಬಳಸುವುದುಂಟು. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲಿಯೇ ಬಟ್ಟೆಯ ಮೇಲೆ ಸಾಲಾಗಿ ಇಡಬೇಕು. ಪೆಟ್ಟಿಗೆ ಹೇಗೂ ಇಳಿದಿರುವಾಗ ಸವೆದ ಆಯಿಲ್ ಸೀಲು, ಕ್ಲಚ್ಚಿನ ಬೇರಿಂಗುಗಳನ್ನು ಬದಲಿಸಿಬಿಡುವುದೇ ಮಿತವ್ಯಯ. ಮತ್ತೆ ಇಳಿಸುವ ಕೂಲಿ ಉಳಿಯುತ್ತದೆ.

ಇಂದಿನ ಬಹುತೇಕ ವಿದ್ಯುತ್ ವಾಹನಗಳಲ್ಲಿ ಗೇರು ಬದಲಿಸುವ ಕೆಲಸವಿಲ್ಲ. ಆದರೂ ರಸ್ತೆಯ ಮೇಲಿರುವ ಅಸಂಖ್ಯ ಗಾಡಿಗಳು, ಅವುಗಳನ್ನು ನಂಬಿದ ಕುಟುಂಬಗಳು, ಈ ಹಲ್ಲುಚಕ್ರಗಳ ಮೇಲೆಯೇ ಸಾಗುತ್ತಿವೆ. ಬಿಚ್ಚುವ ಮೊದಲು ಪರೀಕ್ಷಿಸುವುದು, ಕೆಡುವ ಮೊದಲು ಎಣ್ಣೆ ನೋಡುವುದು, ಇವೆರಡನ್ನು ಅರಿತ ಬಡ ಚಾಲಕನನ್ನು ಯಾರೂ ಸುಲಭವಾಗಿ ಮೋಸಗೊಳಿಸಲಾರರು. ಕಾಯಕವನ್ನು ಹಿರಿದೆಂದು ಸಾರಿದ ಶರಣರ ನಾಡು ನಮ್ಮದು. ಪದವಿ ಪಡೆದು ಹೊರಡುವ ನಮ್ಮ ಕೈಗೆ ಗೇರಿನ ಎಣ್ಣೆ ತುಸು ಮೆತ್ತಿದರೆ ಅದು ವಿದ್ಯೆಗೆ ಕುಂದಲ್ಲ, ಭೂಷಣವೇ ಸರಿ.