ಬಾಡಿಗೆ ಕಟ್ಟಡದಲ್ಲಿನ ವಾಣಿಜ್ಯ ಅಡುಗೆಮನೆಯ ತೆರವು: ಜೋಡಣೆಗಳನ್ನು ತೆಗೆಯುವುದು ಮತ್ತು ಗೋಡೆಗಳನ್ನು ಯಥಾಸ್ಥಿತಿಗೆ ತರುವುದು

ಹೋಟೆಲ್, ದರ್ಶಿನಿ, ಬೇಕರಿ, ಮೆಸ್ ಮುಂತಾದ ಉದ್ದಿಮೆಗಳಿಗಾಗಿ ಬಾಡಿಗೆಗೆ ಪಡೆದ ಕಟ್ಟಡವನ್ನು ತೆರವುಗೊಳಿಸುವಾಗ ಬಾಡಿಗೆದಾರರಿಗೂ ಮಾಲೀಕರಿಗೂ ನಡುವೆ ಎರಡು ಪ್ರಶ್ನೆಗಳು ಉದ್ಭವಿಸುತ್ತವೆ. ಗೋಡೆಗೆ ಜೋಡಿಸಿದ ಸಾಮಗ್ರಿಗಳು ಯಾರಿಗೆ ಸೇರಬೇಕು? ಅವುಗಳನ್ನು ಕಿತ್ತ ನಂತರ ಗೋಡೆಯನ್ನು ಯಾರು ಸರಿಪಡಿಸಬೇಕು? ಮುಂಗಡ ಠೇವಣಿಯ ಮರುಪಾವತಿಯು ಬಹುಮಟ್ಟಿಗೆ ಈ ಎರಡು ಪ್ರಶ್ನೆಗಳನ್ನೇ ಅವಲಂಬಿಸಿರುವುದರಿಂದ, ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಕಾನೂನಿನ ನಿಲುವು

ಪ್ಲಿಂತ್ ವಿಸ್ತೀರ್ಣವು 14 ಚದರ ಮೀಟರ್‌ಗಿಂತ ಹೆಚ್ಚಿರುವ ವಾಣಿಜ್ಯ ಕಟ್ಟಡಗಳಿಗೆ ಕರ್ನಾಟಕ ಬಾಡಿಗೆ ಅಧಿನಿಯಮ, 1999 ಅನ್ವಯಿಸುವುದಿಲ್ಲ. ಇಂತಹ ಕಟ್ಟಡಗಳ ವಿಷಯದಲ್ಲಿ ಉಭಯ ಪಕ್ಷಗಾರರ ಕರಾರು ಪತ್ರ ಹಾಗೂ ಸ್ವತ್ತು ವರ್ಗಾವಣೆ ಅಧಿನಿಯಮ, 1882 ಮುಖ್ಯವಾಗುತ್ತವೆ. ಕರಾರಿನಲ್ಲಿ ಅಥವಾ ಸ್ಥಳೀಯ ರೂಢಿಯಲ್ಲಿ ಬೇರೆ ರೀತಿ ಇಲ್ಲದಿದ್ದಲ್ಲಿ, ಸದರಿ ಅಧಿನಿಯಮದ 108ನೇ ಪ್ರಕರಣದ ಮೇರೆಗೆ:

(ಅ) ಬಾಡಿಗೆದಾರರು ತಾವು ಜೋಡಿಸಿದ ವಸ್ತುಗಳನ್ನು, ಗುತ್ತಿಗೆ ಅವಧಿ ಮುಗಿದ ನಂತರವೂ, ಕಟ್ಟಡವು ತಮ್ಮ ಸ್ವಾಧೀನದಲ್ಲಿ ಇರುವವರೆಗೆ ತೆಗೆದುಕೊಂಡು ಹೋಗಬಹುದು. ಸ್ವಾಧೀನ ಬಿಟ್ಟುಕೊಟ್ಟ ಮೇಲೆ ಈ ಹಕ್ಕು ಇರುವುದಿಲ್ಲ.

(ಆ) ಹೀಗೆ ತೆಗೆಯುವಾಗ ಸ್ವತ್ತನ್ನು ತಾವು ಪಡೆದ ಸ್ಥಿತಿಯಲ್ಲಿಯೇ ಬಿಡತಕ್ಕದ್ದು.

(ಇ) ಯುಕ್ತ ಬಳಕೆಯಿಂದಾದ ಸವಕಳಿ ಹಾಗೂ ತಡೆಯಲಾಗದ ಶಕ್ತಿಯಿಂದಾದ ಹಾನಿಗೆ ಬಾಡಿಗೆದಾರರು ಹೊಣೆಗಾರರಲ್ಲ.

(ಈ) ಮಾಲೀಕರ ಸಮ್ಮತಿಯಿಲ್ಲದೆ ಶಾಶ್ವತ ಕಟ್ಟಡವನ್ನು ನಿರ್ಮಿಸುವಂತಿಲ್ಲ. ಕೃಷಿ ಉದ್ದೇಶಕ್ಕೆ ಮಾತ್ರ ಇದರಲ್ಲಿ ವಿನಾಯಿತಿ ಇದೆ.

ಆದುದರಿಂದ ಜೋಡಣೆಗಳನ್ನು ತೆಗೆಯುವ ಮತ್ತು ಗೋಡೆಯನ್ನು ಸರಿಪಡಿಸುವ ಎರಡೂ ಕೆಲಸಗಳು ಬೀಗದ ಕೈ ಹಸ್ತಾಂತರಿಸುವ ಮುನ್ನವೇ ಮುಗಿಯುವುದು ಅತ್ಯವಶ್ಯಕ.

2. ಸಾಮಗ್ರಿಗಳ ವಿಂಗಡಣೆ

ಗ್ಯಾಸ್ ಒಲೆ, ದೋಸೆ ಕಾವಲಿ, ಇಡ್ಲಿ ಸ್ಟೀಮರ್, ರುಬ್ಬುವ ಯಂತ್ರ, ಫ್ರಿಜ್ ಮುಂತಾದವು ಚರ ವಸ್ತುಗಳು. ಬಾಡಿಗೆದಾರರು ತಂದ ಇಂತಹ ವಸ್ತುಗಳು ಅವರಿಗೇ ಸೇರುತ್ತವೆ. ಹೊಗೆ ಹೀರುವ ಹುಡ್, ಅದರ ತಗಡಿನ ಕೊಳವೆ, ಎಕ್ಸಾಸ್ಟ್ ಫ್ಯಾನ್, ಗೋಡೆಯ ಸ್ಟೀಲ್ ಕಪಾಟು, ತೊಟ್ಟಿ ಹಾಗೂ ಗ್ಯಾಸ್ ಪೈಪುಗಳು ಜೋಡಣೆಗಳ ಗುಂಪಿಗೆ ಸೇರುತ್ತವೆ. ಇವುಗಳನ್ನು ತೆಗೆಯುವುದರೊಂದಿಗೆ ಗೋಡೆಯ ರಂಧ್ರಗಳನ್ನು ಮುಚ್ಚುವ ಹೊಣೆಯೂ ಬರುತ್ತದೆ. ಕಡಪ ಕಲ್ಲಿನ ಕಟ್ಟೆ, ಗೋಡೆಯ ಟೈಲ್ಸ್, ಒಳಚರಂಡಿಯ ಕೊಳವೆ ಇವುಗಳ ಬಗ್ಗೆಯೇ ವಿವಾದ ಹೆಚ್ಚು. ಟೈಲ್ಸ್ ಕಿತ್ತಾಗ ಅದರ ಹಿಂದಿನ ಗಾರೆಯೂ ಕಳಚಿ ಬರುವುದರಿಂದ, ಕೀಳುವ ಲಾಭಕ್ಕಿಂತ ಸರಿಪಡಿಸುವ ವೆಚ್ಚ ಹೆಚ್ಚಾಗಬಹುದು. ಮಾಲೀಕರು ಇವುಗಳನ್ನು ಉಳಿಸಿಕೊಳ್ಳಲು ಒಪ್ಪಿದಲ್ಲಿ, ಬೆಲೆ ನಿಗದಿಯಾಗಿದ್ದರೆ ಬೆಲೆಯನ್ನೂ ನಮೂದಿಸಿ, ಬರವಣಿಗೆಯಲ್ಲಿ ಒಪ್ಪಿಗೆ ಪಡೆಯುವುದು ಸೂಕ್ತ.

3. ಕೆಲಸದ ಅನುಕ್ರಮ

(ಅ) ಮೊದಲು ಸಿಲಿಂಡರುಗಳ ಸಂಪರ್ಕ ಕಡಿದು, ಅವುಗಳನ್ನು ಹೊರಸಾಗಿಸಿ, ಕೊಳವೆಯಲ್ಲಿ ಅನಿಲ ಉಳಿದಿಲ್ಲವೆಂದು ಪರಿಣತರಿಂದ ಖಚಿತಪಡಿಸಿಕೊಳ್ಳಬೇಕು. ಅದಕ್ಕೆ ಮುನ್ನ ಕತ್ತರಿಸುವ ಅಥವಾ ಬೆಸುಗೆಯ ಯಂತ್ರ ಬಳಸುವುದು ಅಪಾಯಕರ.

(ಆ) ನಂತರ ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಮೂಲಕ ಯಂತ್ರಗಳ ವಿದ್ಯುತ್ ಸಂಪರ್ಕವನ್ನು ತೆಗೆಸಬೇಕು. ತಂತಿಯ ತುದಿಗಳನ್ನು ತೆರೆದಿಡಬಾರದು.

(ಇ) ಹುಡ್ ಮತ್ತು ಕೊಳವೆಯಲ್ಲಿನ ಎಣ್ಣೆ ಜಿಡ್ಡು ಬೇಗ ಬೆಂಕಿ ಹಿಡಿಯುವಂತಹುದಾದ್ದರಿಂದ, ಅದನ್ನು ಕೆರೆದು ತೆಗೆದ ನಂತರವೇ ಬಿಚ್ಚಬೇಕು.

(ಈ) ಕೊನೆಯಲ್ಲಿ ನೀರಿನ ಕೊಳವೆಗಳ ತುದಿಗೆ ಮುಚ್ಚಳ ಹಾಕಿ, ಜಿಡ್ಡಿನ ಗುಂಡಿಯನ್ನು ಶುಚಿಗೊಳಿಸಬೇಕು. ಒಡೆದ ಗಾರೆ, ಟೈಲ್ಸ್ ತುಣುಕುಗಳನ್ನು ರಸ್ತೆ ಬದಿ, ಚರಂಡಿ ಅಥವಾ ಕೆರೆಯಂಗಳದಲ್ಲಿ ಸುರಿಯದೆ ಸ್ಥಳೀಯ ಸಂಸ್ಥೆಯು ಗೊತ್ತುಪಡಿಸಿದ ಸ್ಥಳಕ್ಕೆ ಸಾಗಿಸತಕ್ಕದ್ದು.

4. ಗೋಡೆಗಳ ದುರಸ್ತಿ

ಅಡುಗೆಮನೆಯ ಗೋಡೆಗೆ ಸುಣ್ಣ ಬಣ್ಣ ಬಳಿದ ಮಾತ್ರಕ್ಕೆ ದುರಸ್ತಿ ಮುಗಿದಂತಾಗುವುದಿಲ್ಲ. ಎಣ್ಣೆ ಹೀರಿದ ಗಾರೆಯ ಮೇಲೆ ಬಣ್ಣ ನಿಲ್ಲದೆ, ಕೆಲವೇ ದಿನಗಳಲ್ಲಿ ಕಲೆ ಮೇಲೆದ್ದು ಪದರ ಸುಲಿಯುತ್ತದೆ. ಮೇಲ್ಮೈಯ ಜಿಡ್ಡನ್ನು ಬಿಸಿನೀರು ಮತ್ತು ವಾಷಿಂಗ್ ಸೋಡಾದಿಂದ ತೊಳೆಯಬಹುದು. ಜಿಡ್ಡು ಒಳಗಿಳಿದಿದ್ದಲ್ಲಿ ಆ ಭಾಗದ ಗಾರೆಯನ್ನು ಇಟ್ಟಿಗೆ ಕಾಣುವವರೆಗೆ ಕಿತ್ತು, ಹೊಸದಾಗಿ ಸಿಮೆಂಟ್ ಗಾರೆ ಮಾಡಬೇಕು. ಬೋಲ್ಟುಗಳನ್ನು ತೆಗೆದು ಅಥವಾ ಗೋಡೆಯ ಮಟ್ಟದಿಂದ ಒಳಕ್ಕೆ ಕತ್ತರಿಸಿ ರಂಧ್ರ ತುಂಬಬೇಕು. ಫ್ಯಾನ್‌ಗಾಗಿ ಒಡೆದ ಕಿಂಡಿಯನ್ನು ಇಟ್ಟಿಗೆಯಿಂದ ಕಟ್ಟಿ, ಮಳೆನೀರು ಇಳಿಯದಂತೆ ಎರಡೂ ಬದಿ ಗಾರೆ ಮಾಡಬೇಕು. ಹೊಸ ಗಾರೆಗೆ ಕನಿಷ್ಠ 7 ದಿನ ನೀರುಣಿಸಿ, ಪೂರ್ಣವಾಗಿ ಒಣಗಿದ ನಂತರವೇ ಬಣ್ಣ ಬಳಿಯತಕ್ಕದ್ದು.

ವಿರುದ್ಧವಾದ ಕರಾರಿಲ್ಲದ ತಿಂಗಳ ಬಾಡಿಗೆಯನ್ನು, ನೋಟಿಸು ತಲುಪಿದ ದಿನದಿಂದ 15 ದಿನಗಳ ಅವಧಿ ನೀಡಿ ಕೊನೆಗೊಳಿಸಬಹುದಾಗಿದೆ. ಅದರಲ್ಲಿ ಅರ್ಧದಷ್ಟು ಕಾಲ ಗಾರೆಗೆ ನೀರುಣಿಸುವುದಕ್ಕೇ ಬೇಕಾಗುತ್ತದೆ. ಆದ್ದರಿಂದ ನೋಟಿಸು ತಲುಪಿದ ಕೂಡಲೇ ಕೆಲಸ ಆರಂಭಿಸುವುದು ಒಳಿತು.

5. ಹಸ್ತಾಂತರ ಮತ್ತು ದಾಖಲೆಗಳು

ಗೋಡೆಯನ್ನು "ಪಡೆದ ಸ್ಥಿತಿ" ಯಾವುದು ಎಂಬುದಕ್ಕೆ ಆಧಾರವಿಲ್ಲದಿದ್ದಲ್ಲಿ ಇಬ್ಬರ ಮಾತೂ ಕೇವಲ ಮಾತಾಗಿಯೇ ಉಳಿಯುತ್ತದೆ. ಕಟ್ಟಡ ಪಡೆಯುವ ದಿನವೇ ಗೋಡೆ, ನೆಲ, ನಲ್ಲಿ, ಸ್ವಿಚ್ಚುಗಳ ಪಟ್ಟಿ ಹಾಗೂ ದಿನಾಂಕ ಸಹಿತ ಛಾಯಾಚಿತ್ರಗಳನ್ನು ಸಿದ್ಧಪಡಿಸಿ ಇಬ್ಬರೂ ಸಹಿ ಮಾಡತಕ್ಕದ್ದು. ಒಂದು ವರ್ಷಕ್ಕೆ ಮೀರಿದ ಅವಧಿಯ ಗುತ್ತಿಗೆ ಪತ್ರದ ನೋಂದಣಿ ಕಡ್ಡಾಯವಾಗಿದ್ದು, ಈ ಪಟ್ಟಿಯನ್ನು ಪತ್ರದ ಅನುಸೂಚಿಯಾಗಿ ಸೇರಿಸಬಹುದು.

ತೆರವಿನ ದಿನ ಅದೇ ಪಟ್ಟಿಯನ್ನು ಹಿಡಿದು ಜಂಟಿ ಪರಿಶೀಲನೆ ನಡೆಸಿ, ಬಾಕಿ ದುರಸ್ತಿಯನ್ನೂ ಠೇವಣಿಯಿಂದ ಕಡಿತಗೊಳ್ಳುವ ಮೊತ್ತವನ್ನೂ ಬಾಬುವಾರು ನಮೂದಿಸಿ, ತಲಾ ಒಂದು ಪ್ರತಿ ಇಟ್ಟುಕೊಳ್ಳಬೇಕು. ವಿದ್ಯುತ್ ಮತ್ತು ನೀರಿನ ಮಾಪಕಗಳ ಅಂತಿಮ ಅಂಕಿ, ಸಂದಾಯವಾದ ಬಿಲ್ಲುಗಳ ಪ್ರತಿ, ಬೀಗದ ಕೈ ಸ್ವೀಕೃತಿ ಇವುಗಳನ್ನೂ ಲಗತ್ತಿಸಬೇಕು. ಆ ವಿಳಾಸಕ್ಕೆ ಪಡೆದ ಉದ್ದಿಮೆ ಪರವಾನಗಿ ಹಾಗೂ ಆಹಾರ ಸುರಕ್ಷತಾ ಪರವಾನಗಿಯ ರದ್ದತಿ ಅಥವಾ ವಿಳಾಸ ಬದಲಾವಣೆಗೆ ಸಂಬಂಧಪಟ್ಟ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸತಕ್ಕದ್ದು.

ವಿಶೇಷ ಸೂಚನೆ: ಈ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಕರಾರು ಪತ್ರದ ಷರತ್ತುಗಳು ಭಿನ್ನವಾಗಿದ್ದಲ್ಲಿ, ಜೋಡಣೆಗಳಿಗೆ ಕೈಹಾಕುವ ಮುನ್ನ ವಕೀಲರ ಸಲಹೆ ಪಡೆಯುವುದು ಸೂಕ್ತ.